ಚಾಮರಾಜಪೇಟೆಯ ಮೊಳೆ ಜೋಡಣೆಗಾರ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ಸಂಗತಿ. ಕವಿಯ ಹೆಸರು ಉಳಿದಿದೆ, ದಾನ ಮಾಡಿದವಳ ಹೆಸರು ಉಳಿದಿದೆ, ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನ ಹೆಸರೂ ಉಳಿದಿದೆ. ಆ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಕಂಟದಿಂದ ಕೊರೆದವರು ಯಾರೆಂಬುದು ಮಾತ್ರ ತಿಳಿಯದು. ಹಸ್ತಪ್ರತಿಗಳ ಕೊನೆಯಲ್ಲಿ ಕೆಲವೊಮ್ಮೆ ಲಿಪಿಕಾರನು ತನ್ನ ಬೆನ್ನು, ಕತ್ತು, ಕಣ್ಣುಗಳ ಶ್ರಮವನ್ನು ಹೇಳಿಕೊಂಡು, ಈ ಗ್ರಂಥವನ್ನು ನೀರು ಎಣ್ಣೆಗಳಿಂದ ಕಾಪಾಡಿರೆಂದು ಬೇಡುವುದುಂಟು. ಅಷ್ಟರ ಮಟ್ಟಿಗಾದರೂ ಅವನಿಗೆ ತನ್ನ ಮಾತನ್ನಾಡುವ ಅವಕಾಶವಿತ್ತು. ಮುದ್ರಣ ಬಂದ ಮೇಲೆ ಅವನ ಸ್ಥಾನಕ್ಕೆ ಬಂದ ಮೊಳೆ ಜೋಡಣೆಗಾರನಿಗೆ ಆ ಅವಕಾಶವೂ ಉಳಿಯಲಿಲ್ಲ.

ಅಂಥವರಲ್ಲಿ ಒಬ್ಬರು ಚಾಮರಾಜಪೇಟೆಯ ಒಂದು ವಠಾರದಲ್ಲಿ ಬಾಳಿ, ಎಂಬತ್ತನ್ನು ದಾಟಿ, ಮಡದಿ ಮಕ್ಕಳ ನಡುವೆ ತೀರಿಕೊಂಡರು. ಪತ್ರಿಕೆಗಳಲ್ಲಿ ಸುದ್ದಿಯಾಗುವಂತಹ ಸಾವಲ್ಲ. ಆದರೆ ಇಂದು ಐವತ್ತು ಅರವತ್ತರ ವಯಸ್ಸಿನಲ್ಲಿರುವ ಕನ್ನಡ ಅಧ್ಯಾಪಕರಲ್ಲಿ ಅನೇಕರು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಹಿಡಿದು ಓದಿದ ಕೆಲವು ಹಳಗನ್ನಡ ಪುಸ್ತಕಗಳ ಒಂದೊಂದು ಅಕ್ಷರವೂ ಅವರ ಬೆರಳುಗಳ ನಡುವೆ ಹಾದು ಬಂದದ್ದು. ಹೆಸರು ಬರೆಯುವುದು ಬೇಡವೆಂದು ಅವರ ಪತ್ನಿ ಹೇಳಿದರು. “ಪುಸ್ತಕದಲ್ಲೇ ಹಾಕಿಸಿಕೊಳ್ಳಲಿಲ್ಲ, ಈಗ ಯಾಕೆ?” ಎಂಬುದು ಆ ತಾಯಿಯ ಮಾತು. ಆ ಇಚ್ಛೆಯನ್ನು ಮನ್ನಿಸಿ ಇಲ್ಲಿ ಅವರನ್ನು ಅವರ ಕೆಲಸದ ಹೆಸರಿನಿಂದಲೇ ಕರೆಯಲಾಗಿದೆ.

1892ರಲ್ಲಿ ರೂಪುಗೊಂಡು ಚಾಮರಾಜೇಂದ್ರ ಒಡೆಯರ ಹೆಸರು ಪಡೆದ ಚಾಮರಾಜಪೇಟೆಗೂ ಕನ್ನಡ ಅಚ್ಚಿಗೂ ಹತ್ತಿರದ ನಂಟು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಇಲ್ಲಿಯದು. ಅದರೆದುರಿನ ರಸ್ತೆಗೆ ಪಂಪಮಹಾಕವಿಯ ಹೆಸರಿದೆ. 1916ರಲ್ಲಿ ಆರಂಭವಾಗಿ, ತನ್ನ ಕ್ಯಾಲೆಂಡರಿನಿಂದ ಮನೆಮನೆಗೂ ಪರಿಚಿತವಾದ ಬೆಂಗಳೂರು ಪ್ರೆಸ್ ಮೈಸೂರು ರಸ್ತೆಯಲ್ಲಿ ಇತ್ತು. ಇವುಗಳ ಸುತ್ತ ಅಡ್ಡರಸ್ತೆಗಳಲ್ಲಿ ಮದುವೆಯ ಲಗ್ನಪತ್ರಿಕೆ, ರಸೀತಿ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಅಚ್ಚುಮಾಡುತ್ತ, ನಡುನಡುವೆ ಕಾವ್ಯವನ್ನೋ ಸಂಶೋಧನ ಗ್ರಂಥವನ್ನೋ ಒಪ್ಪಿಕೊಳ್ಳುವ ಸಣ್ಣ ಅಚ್ಚುಕೂಟಗಳಿದ್ದವು. 1958ರ ಸುಮಾರಿಗೆ ತುಮಕೂರಿನ ಕಡೆಯ ಹಳ್ಳಿಯೊಂದರಿಂದ ಹದಿನೈದರ ಹುಡುಗನೊಬ್ಬ ಸೋದರಮಾವನ ಹಿಂದೆ ಬಂದು ಸೇರಿದ್ದು ಅಂತಹ ಒಂದು ಅಚ್ಚುಕೂಟವನ್ನು. ಓದು ನಾಲ್ಕನೆಯ ತರಗತಿಗೆ ನಿಂತಿತ್ತು. ಮೊದಲೆರಡು ವರ್ಷದ ಕೆಲಸ ಅಚ್ಚಾದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಅವುಗಳನ್ನು ಬಿಡಿಸಿ ಅದದರ ಖಾನೆಗೆ ಹಾಕುವುದು, ಎಲ್ಲರಿಗೂ ಕಾಫಿ ತರುವುದು.

ಮೊಳೆಗಳನ್ನು ಖಾನೆಗೆ ಹಾಕುವ ಈ ಕೆಲಸವೇ ಅಲ್ಲಿಯ ಪಾಠಶಾಲೆ. ಇಂಗ್ಲಿಷಿನ ಕೇಸಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆರಡೂ ಸೇರಿ ಐವತ್ತೆರಡು ಅಕ್ಷರ, ಅದರ ಮೇಲೆ ಅಂಕಿ ಮತ್ತು ಚಿಹ್ನೆಗಳು. ಕನ್ನಡದಲ್ಲಿ 34 ವ್ಯಂಜನಗಳು, ಒಂದೊಂದಕ್ಕೂ ಹನ್ನೆರಡು ಹದಿಮೂರು ಬಗೆಯ ಕಾಗುಣಿತ, ಅವುಗಳ ಕೆಳಗೆ ಒತ್ತಕ್ಷರಗಳು. ಗುಡಿಸು, ಕೊಂಬು, ದೀರ್ಘಗಳನ್ನು ಬೇರೆಬೇರೆ ತುಂಡುಗಳಾಗಿ ಎರಕ ಹೊಯ್ದು ಜೋಡಿಸಿದರೂ ಖಾನೆಗಳ ಸಂಖ್ಯೆ ನೂರಾರನ್ನು ಮುಟ್ಟುತ್ತಿತ್ತು. ಖಾನೆಗಳ ಮೇಲೆ ಚೀಟಿ ಅಂಟಿಸುವ ಪದ್ಧತಿಯಿರಲಿಲ್ಲ. ಕಣ್ಣು ಕೈಬರಹದ ಪ್ರತಿಯ ಮೇಲಿರಬೇಕು, ಬಲಗೈ ತಾನಾಗಿ ಖಾನೆಯನ್ನು ಹುಡುಕಬೇಕು, ಎಡಗೈಯಲ್ಲಿರುವ ಕಂಪೋಸಿಂಗ್ ಸ್ಟಿಕ್ಕಿನಲ್ಲಿ ಹೆಬ್ಬೆರಳು ಮೊಳೆಯನ್ನು ಒತ್ತಿ ಹಿಡಿಯಬೇಕು. ಅಲ್ಲಿ ಅಕ್ಷರ ಕಾಣುವುದು ಕನ್ನಡಿಯೊಳಗಿನಂತೆ ತಿರುಗಿ, ಅದೂ ತಲೆಕೆಳಗಾಗಿ. ಹಾಗೆ ನೋಡಿ ಓದುವ ಅಭ್ಯಾಸ ಆ ಹುಡುಗನಿಗೆ ಎಷ್ಟು ಬೇಗ ಬಂತೆಂದರೆ, ಮುಂದೆ ಆತ ತಂದೆಯಾದಾಗ ಮಕ್ಕಳೆದುರು ಕುಳಿತು, ಅವರ ಮುಂದಿರುವ ಪಠ್ಯಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳದೆಯೇ ಓದಿ ತಪ್ಪು ತಿದ್ದುತ್ತಿದ್ದರು. ಎಲ್ಲ ಅಪ್ಪಂದಿರೂ ಹೀಗೆಯೇ ಓದುತ್ತಾರೆಂದು ಮಕ್ಕಳು ಬಹಳ ಕಾಲ ನಂಬಿದ್ದರು.

ಹಳಗನ್ನಡ ಕಾವ್ಯದ ಕೆಲಸ ಬಂದಾಗ ಅಚ್ಚುಕೂಟದಲ್ಲಿ ಅದು ಇವರ ಪಾಲಿಗೇ ಬರುತ್ತಿತ್ತು. ಸಂಪಾದಿತ ಕಾವ್ಯದ ಒಂದು ಪುಟವನ್ನು ಜೋಡಿಸುವುದು ಕಾದಂಬರಿಯ ಪುಟ ಜೋಡಿಸಿದಂತಲ್ಲ. ಮೇಲೆ 12 ಪಾಯಿಂಟಿನಲ್ಲಿ ಪದ್ಯ, ಕೆಳಗೆ ಸಣ್ಣ ಮೊಳೆಯಲ್ಲಿ ಪಾಠಾಂತರಗಳು, ಒಂದೊಂದು ಪಾಠಾಂತರಕ್ಕೂ ಹಸ್ತಪ್ರತಿಯನ್ನು ಸೂಚಿಸುವ ಕ, ಖ, ಗ ಎಂಬ ಸಂಕೇತ, ಪದ್ಯದ ಸಂಖ್ಯೆ, ಗದ್ಯಭಾಗ ಬಂದಲ್ಲಿ ಬೇರೆ ಅಳತೆ. ಇವುಗಳಿಗಿಂತ ಕಷ್ಟದ್ದು ೞ ಮತ್ತು ಱ ಎಂಬ ಎರಡು ಅಕ್ಷರಗಳು. ಹೊಸಗನ್ನಡದಲ್ಲಿ ಇವು ಬಳಕೆಯಲ್ಲಿಲ್ಲ. ಆದುದರಿಂದ ಅಚ್ಚುಕೂಟಗಳು ಇವುಗಳ ಮೊಳೆಗಳನ್ನು ಹೆಚ್ಚಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ಫಾರಮಿನ ಎಂಟು ಅಥವಾ ಹದಿನಾರು ಪುಟಗಳಿಗೆ ಬೇಕಾದಷ್ಟು ೞಕಾರಗಳು ಖಾನೆಯಲ್ಲಿ ಇಲ್ಲದಿದ್ದರೆ ಹಿಂದಿನ ಫಾರಂ ಅಚ್ಚಾಗಿ, ಬಿಡಿಸಿ, ಮೊಳೆಗಳು ಮರಳಿ ಬರುವವರೆಗೆ ಕಾಯಬೇಕಿತ್ತು. ಕಾವ್ಯವು ಹೀಗೆ ತುಂಡುತುಂಡಾಗಿ ಮೂಡುತ್ತ, ಮೂಡಿದ ತುಂಡು ಒಡನೆಯೇ ಅಳಿಯುತ್ತ ಮುಗಿಯುವುದು. ಇಡೀ ಗ್ರಂಥ ಒಂದೇ ಸಲಕ್ಕೆ ಮೊಳೆಯಲ್ಲಿ ನಿಂತದ್ದನ್ನು ಅವರು ಎಂದೂ ಕಾಣಲಿಲ್ಲ.

ಈ ಎರಡು ಅಕ್ಷರಗಳ ಮಹತ್ವ ಓದುಗರಿಗೆ ತಿಳಿದದ್ದೇ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಭೇದವನ್ನು ವಿವರಿಸಿದ್ದೇ ಅದು ಆಡುಮಾತಿನಿಂದ ಮರೆಯಾಗುತ್ತಿದ್ದುದರಿಂದ. ನಾಲ್ಕನೆಯ ತರಗತಿ ಓದಿದ ಮೊಳೆ ಜೋಡಣೆಗಾರನಿಗೆ ಕೇಶಿರಾಜನ ಸೂತ್ರಗಳು ಗೊತ್ತಿರಲಿಲ್ಲ. ಆದರೂ ಅವರ ಕೈಗೆ ಒಂದು ಸೂತ್ರ ಗೊತ್ತಿತ್ತು. ಕಂದದಲ್ಲಾಗಲಿ ವೃತ್ತದಲ್ಲಾಗಲಿ ನಾಲ್ಕು ಪಾದಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಪ್ರಾಸದ ನಿಯಮ. ಮೊಳೆ ಜೋಡಿಸುವವನಿಗೆ ಇದರ ಅರ್ಥ, ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಕೈ ಕೇಸಿನ ಅದೇ ಮೂಲೆಗೆ ಹೋಗಬೇಕು. ಸ್ವರ ಬದಲಾದರೆ ಪಕ್ಕದ ಖಾನೆಗೆ ಸರಿಯಬಹುದು, ಬೇರೆ ಮೂಲೆಗೆ ಹೋಗುವಂತಿಲ್ಲ. ಮೂರು ಪಾದಗಳಲ್ಲಿ ೞಕಾರದ ಕಡೆಗೆ ಹೋದ ಕೈ ನಾಲ್ಕನೆಯದರಲ್ಲಿ ಳಕಾರದ ಕಡೆಗೆ ಹೋಗಬೇಕಾಗಿ ಬಂದರೆ ಅಲ್ಲಿ ತಡೆಯುತ್ತಿತ್ತು. ಕಿವಿಗಿಂತ ಮೊದಲು ಮೊಣಕೈಗೆ ಪ್ರಾಸಭಂಗ ತಿಳಿಯುತ್ತಿತ್ತು.

ಒಮ್ಮೆ ಹೀಗೆಯೇ ಕೈ ತಡೆದಾಗ ಅವರು ಪ್ರತಿಯಲ್ಲಿದ್ದಂತೆಯೇ ಳಕಾರವನ್ನು ಜೋಡಿಸಿದರು. ಪ್ರತಿಯನ್ನು ತಿದ್ದುವ ಅಧಿಕಾರ ಜೋಡಣೆಗಾರನಿಗಿಲ್ಲವೆಂಬುದು ವೃತ್ತಿಯ ಮೊದಲ ನೀತಿ. ಕರಡಚ್ಚನ್ನು ಸಂಪಾದಕರಿಗೆ ಕಳುಹಿಸುವಾಗ ಮಾತ್ರ ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಸಂಪಾದಕರಾಗಿದ್ದ ವಿದ್ವಾಂಸರು ಅದನ್ನು ನೋಡಿ ಮುನಿದು ಅಚ್ಚುಕೂಟಕ್ಕೇ ಬಂದರಂತೆ. “ಇದು ನಿಮಗೆ ಹೇಗೆ ತಿಳಿಯಿತು?” ಎಂದು ಕೇಳಿದಾಗ ಇವರು, “ತಿಳಿದದ್ದಲ್ಲ ಸ್ವಾಮಿ, ಕೈ ಹೋಗಲಿಲ್ಲ” ಎಂದರಂತೆ. ವಿದ್ವಾಂಸರು ಮನೆಗೆ ಹೋಗಿ ಓಲೆಯ ಪಾಠವನ್ನು ನೋಡಿದರು. ಓಲೆಯಲ್ಲಿ ೞಕಾರವೇ ಇತ್ತು, ಕಾಗದಕ್ಕೆ ನಕಲು ಮಾಡುವಾಗ ತಪ್ಪಿತ್ತು. ಮರುದಿನ ಅವರು ಗಾಂಧಿಬಜಾರಿನಿಂದ ಒಂದು ಚಿಪ್ಪು ಬಾಳೆಹಣ್ಣು ತಂದು ಕೇಸಿನ ಪಕ್ಕದಲ್ಲಿಟ್ಟು ಹೋದರಂತೆ. ಆ ಸಂಜೆ ಮನೆಯಲ್ಲಿ ಹಬ್ಬವಾಯಿತೆಂದು ಹಿರಿಯ ಮಗಳು ನೆನೆಯುತ್ತಾರೆ.

ಇನ್ನೊಂದು ಪುಸ್ತಕದ ನೆನಪು ಇಷ್ಟು ಸಿಹಿಯಾದುದಲ್ಲ. ಅಚ್ಚು ಮುಗಿದ ಮೇಲೆ ಅದರ ಸಂಪಾದಕರು ಎರಡು ಪುಟಗಳ ತಪ್ಪೊಪ್ಪನ್ನು ಬರೆದು ಕಳುಹಿಸಿ, ಅದಕ್ಕೆ ‘ಮುದ್ರಣದೋಷಗಳು’ ಎಂಬ ತಲೆಬರಹ ಕೊಟ್ಟರು. ಪಟ್ಟಿಯಲ್ಲಿದ್ದ ತಪ್ಪುಗಳಲ್ಲಿ ಹೆಚ್ಚಿನವು ಕೈಬರಹದ ಪ್ರತಿಯಲ್ಲಿಯೇ ಇದ್ದವು. ಆ ಪ್ರತಿ ಇನ್ನೂ ಅಚ್ಚುಕೂಟದಲ್ಲಿತ್ತು, ತೆಗೆದು ತೋರಿಸಬಹುದಿತ್ತು. ಮಾಲೀಕರು ಬೇಡವೆಂದರು, ಮುಂದಿನ ಕೆಲಸ ತಪ್ಪಿಹೋದೀತೆಂಬ ಅಂಜಿಕೆ. ಮೊಳೆ ಜೋಡಣೆಗಾರರು ಆ ಎರಡು ಪುಟಗಳನ್ನು ತಾವೇ ಜೋಡಿಸಿದರು. ಆ ಪುಟಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕರು. ರಾತ್ರಿ ಊಟ ಮಾಡಲಿಲ್ಲ. ಅವರು ಊಟ ಬಿಟ್ಟದ್ದನ್ನು ಮಕ್ಕಳು ಕಂಡದ್ದು ಅದೊಂದೇ ಸಲ.

ಸಾಹಿತ್ಯದ ಸಂಶೋಧಕರು ನಿಂತು ಯೋಚಿಸಬೇಕಾದ ಸ್ಥಳ ಇದು. ನಮ್ಮ ಗ್ರಂಥಗಳ ಮುನ್ನುಡಿಗಳಲ್ಲಿ ಕೃತಜ್ಞತೆಯ ಕೊನೆಯ ವಾಕ್ಯ ಬಹುಮಟ್ಟಿಗೆ ಅಂದವಾಗಿ ಮುದ್ರಿಸಿಕೊಟ್ಟ ಮುದ್ರಣಾಲಯದ ಮಾಲೀಕರಿಗೆ ಸಲ್ಲುತ್ತದೆ. ಮೊಳೆ ಜೋಡಿಸಿದವನ ಕೈ ನೆನಪಿಗೆ ಬರುವುದು ತಪ್ಪೊಪ್ಪಿನ ಪುಟದಲ್ಲಿ ಮಾತ್ರ. ಒಪ್ಪೆಲ್ಲ ಸಂಪಾದಕನದು, ತಪ್ಪೆಲ್ಲ ಅಚ್ಚಿನದು ಎಂಬ ಈ ಹಂಚಿಕೆಯನ್ನು ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಲಿಪಿಕಾರನ ಸ್ಖಾಲಿತ್ಯಗಳನ್ನು ಕಣ್ಣುತಪ್ಪು, ಕಿವಿತಪ್ಪು ಎಂದು ವಿಂಗಡಿಸಿ ಪಾಠನಿರ್ಣಯ ಮಾಡುವ ಶಾಸ್ತ್ರ ನಮ್ಮಲ್ಲಿದೆ. ಮೊಳೆಯ ಕಾಲದ ಸ್ಖಾಲಿತ್ಯಗಳಿಗೂ ಅವುಗಳದೇ ಆದ ಕಾರಣಗಳಿವೆ. ಬಿಡಿಸುವಾಗ ಪಕ್ಕದ ಖಾನೆಗೆ ಬಿದ್ದ ಮೊಳೆ, ಖಾಲಿಯಾದ ೞಕಾರದ ಜಾಗಕ್ಕೆ ತಾತ್ಕಾಲಿಕವಾಗಿ ನಿಲ್ಲಿಸಿ ಆಮೇಲೆ ಬದಲಿಸಲು ಮರೆತ ಳಕಾರ, ಯಂತ್ರದ ಒತ್ತಡಕ್ಕೆ ಮುರಿದ ದೀರ್ಘ, ಜಾರಿಬಿದ್ದ ಒತ್ತು. ಇವುಗಳನ್ನು ಬಲ್ಲವರು ಅಚ್ಚುಕೂಟದ ಕೆಲಸಗಾರರು. ಅವರನ್ನು ಯಾರೂ ಕೇಳಲಿಲ್ಲ.

ಮನೆಯಲ್ಲಿ ಅವರು ಬೇರೆಯೇ ಒಂದು ಶಿಸ್ತನ್ನು ಪಾಲಿಸುತ್ತಿದ್ದರು. ಮೊಳೆಯ ಲೋಹದಲ್ಲಿ ಹೆಚ್ಚಿನ ಪಾಲು ಸೀಸ, ಜೊತೆಗೆ ಆಂಟಿಮನಿ ಮತ್ತು ತವರ. ಸೀಸವು ದೇಹಕ್ಕೆ ವಿಷವೆಂದು ಅವರಿಗೆ ಹಿರಿಯ ಕೆಲಸಗಾರರಿಂದ ತಿಳಿದಿತ್ತು. ಸಂಜೆ ಮನೆಗೆ ಬಂದೊಡನೆ ಬಚ್ಚಲಿಗೆ ಹೋಗಿ ಸೀಗೆಪುಡಿಯಲ್ಲಿ ಮೊಣಕೈಯವರೆಗೆ ತಿಕ್ಕಿ ತೊಳೆದು, ಅಂಗಿ ಬದಲಿಸುವ ತನಕ ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ಓಡಿಬಂದ ಮಗು ಕಾಲನ್ನು ತಬ್ಬಿಕೊಂಡರೆ ಎರಡೂ ಕೈಗಳನ್ನು ಮೇಲಕ್ಕೆತ್ತಿ ನಿಲ್ಲುತ್ತಿದ್ದರು. ಆ ನಿಲುವನ್ನು ಮೂವರು ಮಕ್ಕಳೂ ಇಂದಿಗೂ ಅನುಕರಿಸಿ ತೋರಿಸುತ್ತಾರೆ.

ಕೆಲಸದ ಒತ್ತಡ ಹೆಚ್ಚುತ್ತಿದ್ದುದು ರಾಜ್ಯೋತ್ಸವದ ಹೊತ್ತಿಗೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಬರುವುದೂ ಅದೇ ಕಾಲದಲ್ಲಿ. ಎಷ್ಟೇ ಹೊತ್ತಾದರೂ ಅವರು ಬಂದು, ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿಕೊಂಡು ಬುಲ್‌ ಟೆಂಪಲ್‌ ರಸ್ತೆಗೆ ನಡೆಯುತ್ತಿದ್ದರು. ಗುಡ್ಡೆಗಳು ಕರಗಿ ವ್ಯಾಪಾರಿಗಳು ಮೂಟೆ ಕಟ್ಟುವ ವೇಳೆಗೆ ಬೆಲೆಯೂ ಇಳಿದಿರುತ್ತಿತ್ತು. ರಾಮನವಮಿಯ ಸಂಗೀತೋತ್ಸವದ ದಿನಗಳಲ್ಲಿ ಕೋಟೆ ಹೈಸ್ಕೂಲಿನ ಮೈದಾನದ ಹೊರಗೆ, ಟಿಕೀಟಿಲ್ಲದೆ ಕೇಳಿಸುವಷ್ಟು ದೂರದಲ್ಲಿ, ಕಿರಿಯ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದರು. ಬೋನಸ್ ಬಂದ ತಿಂಗಳಲ್ಲಿ ಒಂದು ಭಾನುವಾರ ಎಲ್ಲರೂ ವಿದ್ಯಾರ್ಥಿ ಭವನಕ್ಕೆ. ಮೂರು ಮಕ್ಕಳಿಗೆ ಮೂರು ಮಸಾಲೆದೋಸೆ, ದಂಪತಿಗಳಿಬ್ಬರಿಗೆ ಸೇರಿ ಒಂದು.

ಅಚ್ಚಾದ ಫಾರಮುಗಳನ್ನು ಮಡಿಸುವ ಕೆಲಸ ಮನೆಗೇ ಬರುತ್ತಿತ್ತು. ಅವರ ಪತ್ನಿ ಮಧ್ಯಾಹ್ನಗಳಲ್ಲಿ ಪಕ್ಕದ ಮನೆಯ ಹೆಂಗಸರೊಡನೆ ಕುಳಿತು, ಮೂಳೆಯಂತೆ ನಯವಾದ ಮರದ ಪಟ್ಟಿಯಿಂದ ಮಡಿಕೆಗಳನ್ನು ತೀಡಿ, ನೂರರ ಕಟ್ಟು ಮಾಡುತ್ತಿದ್ದರು. ಆ ಹಣದಿಂದ ಮಕ್ಕಳ ಶಾಲೆಯ ಶುಲ್ಕ ಸಾಗಿತು. ಮಸಿ ಹರಡಿ ಹಾಳಾದ ಹಾಳೆಗಳೂ ತಿದ್ದುಪಡಿ ಮುಗಿದ ಕರಡಚ್ಚುಗಳೂ ಮಕ್ಕಳ ನೋಟುಬುಕ್ಕುಗಳಿಗೆ ರಟ್ಟಿನ ಹೊದಿಕೆಯಾದವು. ಸಹಪಾಠಿಗಳ ಪುಸ್ತಕಗಳಿಗೆ ಬಣ್ಣದ ಕ್ಯಾಲೆಂಡರಿನ ಹೊದಿಕೆಯಿದ್ದರೆ ಇವರ ಪುಸ್ತಕಗಳ ಮೇಲೆ ಚಂಪೂಕಾವ್ಯವಿರುತ್ತಿತ್ತು. ಹಿರಿಯ ಮಗಳಿಗೆ ಅದೊಂದು ನಾಚಿಕೆಯ ವಿಷಯವಾಗಿತ್ತು. ಕಿರಿಯವಳು ಗಣಿತದ ತರಗತಿಯಲ್ಲಿ ಹೊದಿಕೆಯನ್ನೇ ಓದುತ್ತ ಕುಳಿತು ಬೈಸಿಕೊಂಡಳು. ಮುಂದೆ ಆಕೆ ಕನ್ನಡ ಎಂ.ಎ. ಮಾಡಿ ಪ್ರೌಢಶಾಲೆಯ ಅಧ್ಯಾಪಕಿಯಾದರು. ೞಕಾರವನ್ನು ತರಗತಿಯಲ್ಲಿ ಮೊದಲ ಸಲ ಪರಿಚಯಿಸಿದಾಗ ಉಳಿದವರೆಲ್ಲ ಅದನ್ನು ಬರೆಯಲು ಕಲಿಯುತ್ತಿದ್ದರೆ ತನಗೆ ಅದು ಮನೆಯವರೊಬ್ಬರನ್ನು ಕಂಡಂತಾಯಿತೆಂದು ಅವರು ಹೇಳುತ್ತಾರೆ.

1990ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಅಕ್ಷರಜೋಡಣೆಯೂ ಆಫ್‌ಸೆಟ್ ಮುದ್ರಣವೂ ಚಾಮರಾಜಪೇಟೆಯ ಅಡ್ಡರಸ್ತೆಗಳನ್ನು ಮುಟ್ಟಿದವು. ಆ ಅಚ್ಚುಕೂಟದ ಮೊಳೆಗಳು ಗುಜರಿಗೆ ಸೀಸದ ಬೆಲೆಯಲ್ಲಿ, ಕಿಲೋ ಲೆಕ್ಕದಲ್ಲಿ ಹೋದವು. ಮೂವತ್ತೈದು ವರ್ಷ ಒಂದೊಂದು ಖಾನೆಯನ್ನು ಬೇರ್ಪಡಿಸಿ ಇಟ್ಟಿದ್ದ ಕೈಗಳೇ ಎಲ್ಲವನ್ನೂ ಒಟ್ಟಿಗೆ ಗೋಣಿಚೀಲಕ್ಕೆ ಸುರಿಯಬೇಕಾಯಿತು. ಅಂದಿಗೆ ಅವರಿಗೆ ಐವತ್ತು ವರ್ಷ, ಕಿರಿಯ ಮಗಳು ಇನ್ನೂ ಕಾಲೇಜಿನಲ್ಲಿದ್ದಳು. ನೆನಪಿಗೆಂದು ಒಂದು ಮೊಳೆಯನ್ನೂ ಅವರು ತರಲಿಲ್ಲ. “ಅದು ಮಾಲೀಕರ ಸ್ವತ್ತು” ಎಂದರು.

ಬಳಿಕ ಅವರು ಹತ್ತು ವರ್ಷ ಒಂದು ಅಕ್ಷರಜೋಡಣೆಯ ಅಂಗಡಿಯಲ್ಲಿ ಕರಡು ತಿದ್ದುವವರಾಗಿ ದುಡಿದರು. ಅಲ್ಲಿಯ ಹುಡುಗರು ಅವರನ್ನು ತಾತ ಎಂದು ಕರೆಯುತ್ತ, ವಿಚಿತ್ರವಾದ ಅಕ್ಷರ ಕಂಡಾಗಲೆಲ್ಲ ತೋರಿಸಿ ಕೇಳುತ್ತಿದ್ದರು. ಇಂದು ಜಗತ್ತಿನ ಗಣಕಗಳೆಲ್ಲ ಬಳಸುವ ಯೂನಿಕೋಡ್ ಶಿಷ್ಟತೆಯಲ್ಲಿ ೞಕಾರಕ್ಕೆ ಸ್ಥಾನವಿದೆ. ಆದರೆ ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಎಫ್‌ಎ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಆ ಶಿಷ್ಟತೆಯ ನಿಯಮವಾದುದರಿಂದ ತಪ್ಪು ಹಾಗೆಯೇ ನಿಂತಿದೆ, ಪಕ್ಕದಲ್ಲೊಂದು ತಿದ್ದುಪಡಿಯ ಟಿಪ್ಪಣಿಯೊಡನೆ. ಮಗಳು ಇದನ್ನು ವಿವರಿಸಿದಾಗ ಅವರು, “ಅವರೂ ತಪ್ಪೊಪ್ಪು ಹಾಕಿದ್ದಾರಲ್ಲ, ಸರಿ” ಎಂದು ಸುಮ್ಮನಾದರಂತೆ.

ಅವರು ತೀರಿಕೊಂಡ ಮೇಲೆ ಮರಣದ ನೋಂದಣಿಯ ಅರ್ಜಿಯಲ್ಲಿ ವೃತ್ತಿ ಎಂಬ ಕಡೆ ಏನು ಬರೆಯಬೇಕೆಂಬ ಪ್ರಶ್ನೆ ಬಂತು. ಮಗ ‘ನಿವೃತ್ತ ನೌಕರ’ ಎಂದು ಬರೆದಿದ್ದರು. ತಾಯಿ ಅದನ್ನು ಓದಿಸಿ ಕೇಳಿ, ಒಪ್ಪಲಿಲ್ಲ. ಇನ್ನೊಂದು ಅರ್ಜಿ ತರಿಸಿ ‘ಕಂಪೋಸಿಟರ್’ ಎಂದು ಬರೆಯಿಸಿದರು. ಹೆಸರು ಎಲ್ಲಿಯೂ ಬೇಡವೆಂದ ಆ ತಾಯಿ ಕೆಲಸದ ಹೆಸರು ಮಾತ್ರ ಸರಿಯಾಗಿರಬೇಕೆಂದು ಹಟ ಹಿಡಿದರು.

ತಂದೆ ಯಾವ ಯಾವ ಪುಸ್ತಕಗಳನ್ನು ಜೋಡಿಸಿದರೆಂಬ ಪಟ್ಟಿಯನ್ನು ಮಾಡಲು ಕಿರಿಯ ಮಗಳು ಈಗ ತೊಡಗಿದ್ದಾರೆ. ಅಚ್ಚುಕೂಟದ ಲೆಕ್ಕಪುಸ್ತಕಗಳು ಉಳಿದಿಲ್ಲ. ಅವರಿಗಿರುವ ಆಧಾರ ಮನೆಯಲ್ಲಿ ಉಳಿದ ಮೂರು ನೋಟುಬುಕ್ಕುಗಳ ಹೊದಿಕೆ. ಅದರಲ್ಲೊಂದರಲ್ಲಿ ಒಂದು ಱಕಾರದ ಬಾಲ ಮುರಿದಿದೆ. ಅದೇ ಮುರಿದ ಮೊಳೆ ಇನ್ನಾವ ಪುಸ್ತಕಗಳಲ್ಲಿ ಮೂಡಿದೆಯೆಂದು ಗ್ರಂಥಾಲಯಗಳಲ್ಲಿ ಹುಡುಕಿದರೆ ಅವು ಅದೇ ಅಚ್ಚುಕೂಟದವೆಂದು ತಿಳಿಯಬಹುದು. ಮುರಿದ ಮೊಳೆಗಳ ಜಾಡು ಹಿಡಿದು ಹಳೆಯ ಮುದ್ರಣಗಳ ಚರಿತ್ರೆಯನ್ನು ಕಟ್ಟುವ ವಿಧಾನ ಪಾಶ್ಚಾತ್ಯ ಗ್ರಂಥವಿಜ್ಞಾನದಲ್ಲಿ ಬಹುಕಾಲದಿಂದ ಇದೆ. ಷೇಕ್ಸ್‌ಪಿಯರನ ನಾಟಕಗಳ 1623ರ ಮುದ್ರಣವನ್ನು ಎಷ್ಟು ಮಂದಿ ಜೋಡಣೆಗಾರರು ಜೋಡಿಸಿದರು, ಯಾರ ಪಾಲು ಯಾವುದು ಎಂಬುದನ್ನು ವಿದ್ವಾಂಸರು ಕಾಗುಣಿತದ ಒಲವುಗಳಿಂದಲೂ ಮೊಳೆಯ ಗುರುತುಗಳಿಂದಲೂ ಚರ್ಚಿಸಿದ್ದಾರೆ. ಹೆಸರು ತಿಳಿಯದ ಕೈಗಳಿಗೆ ಎ, ಬಿ ಎಂದು ಸಂಕೇತಗಳನ್ನು ಕೊಟ್ಟಿದ್ದಾರೆ, ನಾವು ಓಲೆಪ್ರತಿಗಳಿಗೆ ಕ, ಖ ಎಂದು ಕೊಟ್ಟಂತೆ.

ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ಅನುಕೂಲವಿದೆ, ಅದು ಬೇಗ ಮುಗಿದುಹೋಗುವ ಅನುಕೂಲ. ಮೊಳೆ ಜೋಡಿಸಿದವರಲ್ಲಿ ಕೆಲವರಾದರೂ ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ ಚಾಮರಾಜಪೇಟೆಯಲ್ಲಿ, ಮಲ್ಲೇಶ್ವರದಲ್ಲಿ, ಮೈಸೂರು ಧಾರವಾಡಗಳಲ್ಲಿ ಇನ್ನೂ ಇದ್ದಾರೆ. ಯಾವ ಖಾನೆ ಎಲ್ಲಿತ್ತು, ಯಾವ ಸಂಪಾದಕರು ಎಷ್ಟು ಕರಡು ನೋಡುತ್ತಿದ್ದರು, ಯಾವ ಅಕ್ಷರ ಸಾಲದೆ ಬರುತ್ತಿತ್ತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬಹುದು. ಹಳಗನ್ನಡ ಕಾವ್ಯಗಳ ಮುದ್ರಿತ ಪಾಠವನ್ನು ಆಧರಿಸಿ ನಿಬಂಧ ಬರೆಯುವ ಸಂಶೋಧನ ವಿದ್ಯಾರ್ಥಿ ತನ್ನ ಕೈಲಿರುವ ಪುಸ್ತಕದಲ್ಲಿ ಅಚ್ಚುಕೂಟದ ಹೆಸರಿರುವ ಪುಟವನ್ನು ತೆರೆದು, ಆ ವಿಳಾಸಕ್ಕೆ ಒಮ್ಮೆ ಹೋಗಿ ವಿಚಾರಿಸಬಹುದು. ಅಚ್ಚುಕೂಟ ಇಲ್ಲದಿದ್ದರೂ ಪಕ್ಕದ ವಠಾರದಲ್ಲಿ, ಎದುರಿಗಿಟ್ಟ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳದೆ ಓದಬಲ್ಲ ಹಿರಿಯರೊಬ್ಬರು ಸಿಕ್ಕಾರು.